ಲಿಫ್ಟ್ ಇಲ್ಲದ ಮಹಡಿ

ಮನೆ, ನಾಲ್ಕನೇ ಮಹಡಿ
ಜುಲೈ ಹನ್ನೆರಡು, ಬುಧವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಮರೀ,

ನಲವತ್ತೇಳು ತುಂಬಿದ, ಹಡಗಿನ ಮೂಲೆಮೂಲೆಗೂ ಕರೆಂಟು ಹರಿಸುವ ಹೆಂಗಸನ್ನು ಮರಿ ಎಂದು ಕರೆಯಬಾರದು ಎಂದು ಹೋದ ಸಲ ರಜೆಗೆ ಬಂದಾಗಲೇ ನೀನು ಎಚ್ಚರಿಕೆ ಕೊಟ್ಟಿದ್ದೆ. ಬಾಯಿಗೆ ಬೇರೇನೂ ಬರುವುದಿಲ್ಲ, ಸಹಿಸಿಕೋ. ಮೊದಲು ನಿನ್ನ ಮಣಿಕಟ್ಟಿನ ನೋವು ಹೇಗಿದೆ ಎಂದು ತಿಳಿಸು. ಬಲಗೈಗೆ ವಿಶ್ರಾಂತಿ ಕೊಟ್ಟು ಎಡಗೈಯಲ್ಲಿ ಸ್ಕ್ರೂಡ್ರೈವರ್ ತಿರುಗಿಸಲು ಕಲಿ, ನಾನು ಐವತ್ತನೇ ವಯಸ್ಸಿನಲ್ಲಿ ಕಲಿತೆ. ಎಂಜಿನ್ ಕೋಣೆಯ ಸೆಕೆಯಿಂದ ಬೆವರಿಕೊಂಡು ಬಂದು ನೇರವಾಗಿ ಮೇಲಿನ ಗಾಳಿಗೆ ಎದೆಯೊಡ್ಡಿ ನಿಲ್ಲಬೇಡ. ಅಡುಗೆಯವನು ಎಲ್ಲಕ್ಕೂ ಉಪ್ಪು ಸುರಿಯುತ್ತಾನೆ ಎಂದಿದ್ದೆಯಲ್ಲ, ಅವನ ಮುಖಕ್ಕೇ ಹೇಳಿಬಿಡು. ನಮ್ಮ ಮನೆಯಲ್ಲಿ ಊಟದ ವಿಷಯದಲ್ಲಿ ದಾಕ್ಷಿಣ್ಯ ಮಾಡಿಕೊಂಡವರು ಯಾರೂ ಇಲ್ಲ. ನಾನು ಚೆನ್ನಾಗಿದ್ದೇನೆ. ಹೊಸ ಕನ್ನಡಕ ಬಂದಿದೆ, ಅದನ್ನು ಹಾಕಿಕೊಂಡರೆ ನಮ್ಮ ಮನೆಯ ಗೋಡೆಗೆ ಬಣ್ಣ ಹೊಡೆಸಿ ಎಷ್ಟು ವರ್ಷವಾಯಿತು ಎಂಬುದು ಕಾಣುತ್ತದೆ, ಹಾಗಾಗಿ ಹೆಚ್ಚಾಗಿ ತೆಗೆದೇ ಇಡುತ್ತೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಭಾನುವಾರದ ಫೋನಿನಲ್ಲಿ ನನ್ನ ಪಾಲಿಗೆ ಬರುವುದೆಷ್ಟು, ನೀನೇ ಹೇಳು. ನಿನ್ನ ಮಗಳು ಮುಕ್ಕಾಲು ಗಂಟೆ ಮಾತಾಡಿ, ಕೊನೆಯ ಅರ್ಧ ನಿಮಿಷಕ್ಕೆ ಫೋನನ್ನು ನನ್ನ ಕಿವಿಗೆ ಒತ್ತುತ್ತಾಳೆ. ನಾನು "ಹೂಂ, ಚೆನ್ನಾಗಿದೀನಿ" ಎನ್ನುವಷ್ಟರಲ್ಲಿ ಲೈನು ಹೋಗುತ್ತದೆ. ಅವಳಿಗೆ ಪೀಪಿ ಎಂದು ಹೆಸರಿಟ್ಟವಳು ನೀನೇ, ಅನುಭವಿಸುವವನು ನಾನು. ಅಲ್ಲದೆ ಈ ವಿಷಯ ಅವಳ ಎದುರು ಹೇಳುವಂಥದ್ದಲ್ಲ. ಅದಕ್ಕೇ ನಿಮ್ಮ ಕಂಪನಿಯ ಕಚೇರಿಯ ಚೀಲದಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಶನಿವಾರ ಹಡಗು ರೇವಿಗೆ ಬಂದ ಕೂಡಲೇ ಏಜೆಂಟ್ ನಿನ್ನ ಕೈಗೆ ಕೊಡುತ್ತಾನೆ ಎಂದು ಕಚೇರಿಯವರು ಭರವಸೆ ಕೊಟ್ಟಿದ್ದಾರೆ. ಪೀಪಿ ಈಗ ಕೆಳಗೆ ಬೀಗ ರಿಪೇರಿ ಅಂಗಡಿಯಲ್ಲಿ ಕೂತು ಹರಟುತ್ತಿದ್ದಾಳೆ. ಅವಳ ದನಿ ನಾಲ್ಕನೇ ಮಹಡಿಗೂ ಕೇಳಿಸುತ್ತಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಮಾತ್ರ ಎಲ್ಲಾದರೂ ಕೂತು ಓದು.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ನಿನಗೆ ಕೊಟ್ಟ ಮಾತನ್ನು ಮುರಿದಿದ್ದೇನೆ. ಹನ್ನೊಂದು ವರ್ಷದ ಹಿಂದೆ ಅವಳು ಶಾಲೆಯ ಮೈದಾನದಲ್ಲಿ ಓಟದ ಪಂದ್ಯದ ನಡುವೆ ಕುಸಿದು ಬಿದ್ದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಕಿರಿದಾಗಿದೆ ಎಂದು ಗೊತ್ತಾಗಿ, ಆಪರೇಷನ್ ಆಯಿತಲ್ಲ. ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ಅಪ್ಪಾ, ನಾನು ಹಡಗಿನಲ್ಲಿರೋವಾಗ ಇವಳನ್ನ ಓಡಿಸಲ್ಲ, ಹತ್ತಿಸಲ್ಲ, ದಣಿಸಲ್ಲ ಅಂತ ಹೇಳು" ಎಂದೆ. ಹೇಳಿದೆ. ಈಗ ನಾಲ್ಕು ತಿಂಗಳಿಂದ ಅವಳು ವಾರಕ್ಕೆ ಐದು ದಿನ ವ್ಯಾಯಾಮ ಮಾಡುತ್ತಿದ್ದಾಳೆ. ಅವಳಿಗೆ ಏನೂ ಆಗಿಲ್ಲ. ಈ ಸಾಲನ್ನು ಇನ್ನೊಂದು ಸಲ ಓದಿಕೊಂಡು ಮುಂದೆ ಹೋಗು. ನೀನು ಬೇಡ ಎಂದರೆ ಅವಳು ನಾಳೆಯೇ ಎಲ್ಲ ನಿಲ್ಲಿಸಿ ಸೋಫಾದ ಮೂಲೆಗೆ ವಾಪಸು ಹೋಗುತ್ತಾಳೆ, ಅದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬೇಡ ಎನ್ನುವ ಮೊದಲು ಪೂರ್ತಿ ಓದು ಎಂದು ಕೇಳಿಕೊಳ್ಳುತ್ತೇನೆ. ಬೈಯುವುದಿದ್ದರೆ ನನ್ನನ್ನು ಬೈ, ನನಗೆ ಅಭ್ಯಾಸವಿದೆ.

ಮಾರ್ಚ್ ತಿಂಗಳ ತಪಾಸಣೆಯಿಂದ ಇದು ಶುರುವಾಯಿತು. ಹೃದಯ ಚೆನ್ನಾಗಿದೆಯಂತೆ ಎಂದು ಮಾತ್ರ ನಿನಗೆ ಹೇಳಿದ್ದೆ. ಅದು ನಿಜವೇ. ಅಗಲ ಮಾಡಿದ್ದ ನಾಳ ಹಾಗೇ ಇದೆ, ಬೇರೆಲ್ಲೂ ಹೊಸದಾಗಿ ಕಿರಿದಾಗಿಲ್ಲ. ನಾನು ನುಂಗಿಕೊಂಡದ್ದು ಉಳಿದರ್ಧವನ್ನು. ಬಿಪಿ ಏರಿತ್ತು. ಎರಡು ವರ್ಷದಲ್ಲಿ ತೂಕ ಒಂಬತ್ತು ಕೆಜಿ ಹೆಚ್ಚಿತ್ತು. ಕಾಲಿನ ಮೀನಖಂಡ ಬಿಗಿದುಕೊಂಡು ಹಿಮ್ಮಡಿ ಸರಿಯಾಗಿ ನೆಲಕ್ಕೆ ತಾಗುತ್ತಿರಲಿಲ್ಲ. ಹೃದಯದ ಡಾಕ್ಟರು ದಿನಾ ಏನು ವ್ಯಾಯಾಮ ಮಾಡಿಸುತ್ತೀರಿ ಎಂದು ಕೇಳಿದಾಗ ನಾನು ಎದೆಯುಬ್ಬಿಸಿ, "ಏನೂ ಇಲ್ಲ ಸಾರ್, ಒಂದು ಮೆಟ್ಟಿಲು ಕೂಡ ಹತ್ತಿಸಿಲ್ಲ" ಎಂದೆ. ಯಾರು ಹಾಗೆ ಹೇಳಿದ್ದು ಎಂದರು. ನೀವೇ ಎನ್ನಲು ಬಾಯಿ ತೆರೆದೆ. ಅವರು ಹಳೆಯ ಕಡತ ತೆಗೆದು ಓದಿದರು. ಪಂದ್ಯದ ಓಟ ಬೇಡ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಅಷ್ಟೇ ಇತ್ತು, ಮರೀ. ಮೆಟ್ಟಿಲು, ಸೈಕಲ್ಲು, ಈಜುಕೊಳ, ಚೆಂಡಾಟ ಎಲ್ಲವನ್ನೂ ಸೇರಿಸಿದವರು ನೀನು ಮತ್ತು ನಾನು. ಹೆದರಿಕೆಯಲ್ಲಿ ಸೇರಿಸಿದೆವು, ಆಮೇಲೆ ಅದನ್ನು ಡಾಕ್ಟರ ಮಾತು ಎಂದೇ ನಂಬಿಕೊಂಡೆವು. ನಮ್ಮ ಕಟ್ಟಡದಲ್ಲಿ ಲಿಫ್ಟಿದೆ, ಲಿಫ್ಟ್ ರಿಪೇರಿಯವನ ಮೊಮ್ಮಗಳಿಗೆ ಮೆಟ್ಟಿಲೇಕೆ ಎಂದು ನನಗೆ ಜಂಬ ಬೇರೆ.

ಡಾಕ್ಟರು ನನ್ನ ಕಸುಬು ಮರೆತಿರಲಿಲ್ಲ. "ಯಜಮಾನ್ರೇ, ಹನ್ನೊಂದು ವರ್ಷ ಓಡಿಸದೆ ನಿಲ್ಲಿಸಿಟ್ಟ ಲಿಫ್ಟು ಏನಾಗುತ್ತೆ" ಎಂದು ಕೇಳಿದರು. ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಲವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ, "ಹಗ್ಗ ತುಕ್ಕು ಹಿಡಿಯುತ್ತೆ, ಬ್ರೇಕು ಅಂಟಿಕೊಳ್ಳುತ್ತೆ" ಎಂದುಬಿಟ್ಟೆ. ಪೀಪಿ ಪಕ್ಕದಲ್ಲಿ ಕೂತು ಜೋರಾಗಿ ನಕ್ಕಳು. ನಾನು ಪೆಚ್ಚಾಗಿ ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಹಾಗೆಂದು ಮರುದಿನವೇ ಅವಳನ್ನು ಬೀದಿಗೆ ಅಟ್ಟಿದೆ ಎಂದುಕೊಳ್ಳಬೇಡ. ಎಕೋ ಮಾಡಿದರು, ಎದೆಗೆ ತಂತಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅಲ್ಲೂ ಅವಳು ಯಂತ್ರ ನಡೆಸುವವಳ ಮದುವೆಯ ವಿಚಾರ ಪೂರ್ತಿ ತಿಳಿದುಕೊಂಡೇ ಇಳಿದಳು. ಆಮೇಲೆ ಡಾಕ್ಟರು ನಮ್ಮನ್ನು ಫಿಸಿಯೋ ಮೇಡಂ ಹತ್ತಿರ ಕಳಿಸಿದರು. ಅವರು ಆರಡಿ ಎತ್ತರ, ದನಿ ಮಾತ್ರ ಪಿಸುಮಾತಿನಷ್ಟು. ನಮ್ಮ ಪೀಪಿಯ ಹಾಗೆ ಹುಟ್ಟಿನಿಂದಲೇ ವಿಲಿಯಮ್ಸ್ ಸಿಂಡ್ರೋಮ್ ಇರುವ ಐದಾರು ಮಂದಿಯನ್ನು ನೋಡಿದ್ದಾರಂತೆ, ಆದರೆ ಒಬ್ಬರಿಗೆ ಬರೆದುಕೊಟ್ಟದ್ದು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಮೊದಲೇ ಹೇಳಿದರು. ಪೀಪಿಗೆಂದೇ ಒಂದು ಚೀಟಿ ಬರೆದರು. ಮೊದಲು ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು, ಹತ್ತು ನಿಮಿಷ ನಡಿಗೆ, ಆಮೇಲೆ ಥಟ್ಟನೆ ನಿಲ್ಲದೆ ನಿಧಾನವಾಗಿ ಇಳಿಸುವುದು. ಮೀನಖಂಡವನ್ನು ಮೆಲ್ಲಗೆ ಎಳೆಯಬೇಕು, ಜಗ್ಗಬಾರದು. ನಡುನಡುವೆ ಗುಟುಕು ನೀರು. ಸುಡುಬಿಸಿಲಿನಲ್ಲಿ ಬೇಡ, ಜ್ವರ ಬಂದ ದಿನ ಬೇಡ. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಫೋನು. ಕೊನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ಕೆಳಗೆ ಗೆರೆ ಎಳೆದು ಬರೆದದ್ದು ಒಂದು ಮಾತು: ವ್ಯಾಯಾಮ ಮಾಡುವಾಗ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಮಾತು ಕಷ್ಟವಾದರೆ ಜಾಸ್ತಿಯಾಯಿತು ಎಂದು ಅರ್ಥ. ಇದನ್ನು ಓದಿ ನನಗೆ ಎಷ್ಟು ನೆಮ್ಮದಿಯಾಯಿತು ಎಂದರೆ, ನಮ್ಮ ಪೀಪಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮೀಟರ್ ಯಾರು ತಾನೇ ತಯಾರಿಸಿಯಾರು ಎಂದುಕೊಂಡೆ.

ಮೊದಲ ದಿನದ ನಡಿಗೆಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬೀಗದಂಗಡಿಯವನಿಗೆ ಹಲ್ಲುನೋವು ಹೇಗಿದೆ ಎಂದು ಕೇಳಬೇಕಿತ್ತು, ಇಸ್ತ್ರಿ ಅಂಗಡಿಯಾಕೆಯ ಹೊಸ ಕಿವಿಯೋಲೆ ನೋಡಬೇಕಿತ್ತು, ಬಸ್ ನಿಲ್ದಾಣದಲ್ಲಿ ನಿಂತಿದ್ದ ಪರಿಚಯವೇ ಇಲ್ಲದ ಇಡೀ ಕುಟುಂಬಕ್ಕೆ ಹೋಗಿಬನ್ನಿ ಎನ್ನಬೇಕಿತ್ತು. ನಾನು ಹಳೆಯ ಕೆಲಸದ ಸ್ಟಾಪ್‌ವಾಚ್ ಹಿಡಿದು ಹಿಂದೆ ನಡೆದೆ, ನಿಂತಾಗ ನಿಲ್ಲಿಸಿದೆ, ಹೊರಟಾಗ ಒತ್ತಿದೆ. ನಿಜವಾದ ನಡಿಗೆ ಲೆಕ್ಕ ಹಾಕಿದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಮೇಡಂಗೆ ತೋರಿಸಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಅವಳ ಮಾತು ನಿಲ್ಲಿಸಬೇಡಿ, ಮಾತಾಡೋರನ್ನೇ ಜೊತೆಗೆ ನಡೆಸಿ" ಎಂದರು. ಮರುದಿನದಿಂದ ಪೀಪಿಯೇ ಕಾನೂನು ಮಾಡಿದಳು. ಮಾತು ಬೇಕಾದವರು ನಡೆಯುತ್ತ ಬರಬೇಕು. ಈಗ ಬೆಳಗ್ಗೆ ಏಳಕ್ಕೆ ನೋಡಬೇಕು ನೀನು. ಮುಂದೆ ಅವಳು, ಪಕ್ಕದಲ್ಲಿ ಬೀಗದವನು, ಇಸ್ತ್ರಿಯಾಕೆ, ನಿವೃತ್ತ ಗುಮಾಸ್ತರೊಬ್ಬರು, ಅವರ ಮುದಿನಾಯಿ, ಕೊನೆಯಲ್ಲಿ ಸ್ಟಾಪ್‌ವಾಚ್ ಹಿಡಿದ ನಾನು. ಹತ್ತು ನಿಮಿಷ ಇಪ್ಪತ್ತೈದಾಗಿದೆ. ಬೀಗದವನ ಹೊಟ್ಟೆ ಕರಗಿದೆ, ಅವನ ಹೆಂಡತಿ ಪೀಪಿಗೆ ಧನ್ಯವಾದ ಹೇಳಿ ಹೋದಳು.

ಈಗ ಮೆಟ್ಟಿಲಿನ ವಿಷಯ. ಮೈ ಗಟ್ಟಿಮಾಡಿಕೋ. ಶನಿವಾರ ನಾಲ್ಕಕ್ಕೆ ಅವಳು ಹಾಡಿನ ತಂಡದ ಅಭ್ಯಾಸ ಕೇಳಲು ಹೋಗುವುದು ನಿನಗೆ ಗೊತ್ತು. ಕೇಳಲು ಎಂದು ಬರೆದೆ. ಆ ಹಳೆಯ ಕಟ್ಟಡದಲ್ಲಿ ತಂಡದವರು ಎರಡನೇ ಮಹಡಿಯಲ್ಲಿ ಹಾಡುತ್ತಾರೆ, ನಮ್ಮವಳು ಕೆಳಗೆ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತು ಟ್ಯೂಬುಗಳ ಮಧ್ಯೆ ತಾನೂ ಹಾಡುತ್ತಾಳೆ. ನಾಲ್ಕು ವರ್ಷದಿಂದ ಹೀಗೇ. ಅಲ್ಲಿ ಲಿಫ್ಟು ಕೂರಿಸಲಾಗುತ್ತದೆಯೇ ಎಂದು ನಾನೇ ಟೇಪು ಹಿಡಿದು ಮೂರು ಸಲ ಅಳೆದಿದ್ದೇನೆ. ಜಾಗವಿಲ್ಲ. ಮೂವತ್ತೆಂಟು ಮೆಟ್ಟಿಲು, ಎರಡು ತಿರುವು, ಬೇರೆ ದಾರಿ ಇಲ್ಲ. ಹಾಡಿನ ಮಾಸ್ತರರು ಪ್ರತಿ ಶನಿವಾರ ಹೋಗುವಾಗ "ಮೇಲೆ ಒಂದು ಕುರ್ಚಿ ಖಾಲಿ ಇಟ್ಟಿರ್ತೀನಮ್ಮಾ" ಎನ್ನುತ್ತಾರೆ. ಅವಳು ನಗುತ್ತ ತಲೆಯಾಡಿಸುತ್ತಾಳೆ. ಮೇ ತಿಂಗಳ ಮೊದಲ ವಾರ ಮೇಡಂ ಎದುರು ಅವಳು ಬಾಯಿಬಿಟ್ಟಳು. "ನನಗೆ ಬೆಂಚು ಸಾಕಾಗಿದೆ" ಎಂದಳು. ಮರೀ, ಇಪ್ಪತ್ತಮೂರು ವರ್ಷದಲ್ಲಿ ಅವಳು ಏನಾದರೂ ಸಾಕು ಎಂದದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರನ್ನು ಕೇಳಿ ಒಪ್ಪಿಗೆ ಪಡೆದು, ನಮ್ಮ ಕಟ್ಟಡದ ಮೆಟ್ಟಿಲಲ್ಲೇ ಅಭ್ಯಾಸ ಶುರುಮಾಡಿದೆವು. ನಾನು ಲಿಫ್ಟಿಗೆ ಇಡುತ್ತಿದ್ದಂಥದೇ ಒಂದು ಸರ್ವಿಸ್ ಪುಸ್ತಕ ತೆರೆದೆ. ತಾರೀಖು, ಮೆಟ್ಟಿಲು, ವೇಳೆ, ಷರಾ. ನಗಬೇಡ, ನೀನೂ ಹಡಗಿನಲ್ಲಿ ಇದನ್ನೇ ಮಾಡುತ್ತೀಯ. ಮೊದಲ ದಿನ ಐದು ಮೆಟ್ಟಿಲು ಮಾತಾಡುತ್ತ ಹತ್ತಿದಳು. ಆರನೆಯದಕ್ಕೆ ಮಾತು ನಿಂತಿತು. ಪೀಪಿಯ ಮಾತು ನಿಲ್ಲುವುದೆಂದರೇನು? "ಕೂತ್ಕೋ, ಕೂತ್ಕೋ" ಎಂದು ಅಲ್ಲೇ ಕೂರಿಸಿ, ನೀರು ಕುಡಿಸಿ, ನಾಡಿ ಹಿಡಿದೆ. ಸ್ವಲ್ಪ ಹೊತ್ತಿಗೆ ಸರಿಹೋದಳು. ಮರುದಿನ ಮತ್ತೆ ಆರನೇ ಮೆಟ್ಟಿಲು, ಮತ್ತೆ ಮೌನ, ಮತ್ತೆ ಕೂರಿಸಿದೆ. ಮೂರು ವಾರ ನಡೆಯಿತು ಇದು. ನನ್ನ ಪುಸ್ತಕದಲ್ಲಿ ಸಾಲುಸಾಲಾಗಿ ಒಂದೇ ಷರಾ: ಆರನೇ ಮೆಟ್ಟಿಲು, ಮಾತು ನಿಂತಿತು, ಇಳಿಸಲಾಯಿತು. ಒಳಗೊಳಗೇ ನೀನು ಹೇಳಿದ್ದೇ ಸರಿ ಎಂದುಕೊಳ್ಳತೊಡಗಿದೆ. ಒಂದು ಮಧ್ಯಾಹ್ನ ಇನ್ನು ಸಾಕು ಎಂದು ಹೇಳಲು ಮೇಡಂಗೆ ಫೋನು ಮಾಡಿದೆ. ಅವರು, "ಪುಸ್ತಕ ಹಾಗೇ ಇಟ್ಟಿರಿ, ಕಣ್ಣಾರೆ ನೋಡಿ ಹೇಳ್ತೀನಿ" ಎಂದು ಸಂಜೆ ಮನೆಗೇ ಬಂದರು.

ಅವರ ಮುಂದೆಯೂ ಅದೇ ಆಟ. ಐದು ಮೆಟ್ಟಿಲು ಪಟಪಟ ಮಾತು, ಆರಕ್ಕೆ ಬಾಯಿಗೆ ಬೀಗ. ನಾನು ಕೂರಿಸಲು ಹೋದೆ. ಮೇಡಂ ನನ್ನ ತೋಳು ಹಿಡಿದು ತಡೆದು, ಅವಳನ್ನೇ ಕೇಳಿದರು, ಏನಾಗ್ತಿದೆ ಎಂದು. ನಿನ್ನ ಮಗಳು ಏನೆಂದಳು ಗೊತ್ತೇ? "ನನಗೇನೂ ಆಗಿಲ್ಲ ಮೇಡಂ. ಮೆಟ್ಟಿಲು ಎಲ್ಲಿ ಮುಗಿಯುತ್ತೆ ಅಂತ ನೋಡ್ತಾ ಇದ್ದೆ, ಇಲ್ಲಿ ಬೆಳಕು ಕಮ್ಮಿ. ಅಷ್ಟರಲ್ಲಿ ತಾತ ದಿನಾ ಕೂತ್ಕೋ ಅಂತಾರೆ. ಪಾಪ, ಅವರಿಗೆ ಸುಸ್ತಾಗುತ್ತಲ್ಲ, ಅದಕ್ಕೆ ನಾನೂ ಕೂತ್ಕೋತೀನಿ." ನಾನು ಅವಳ ಹೃದಯ ಕಾಯುತ್ತಿದ್ದೆ, ಅವಳು ನನ್ನದನ್ನು ಕಾಯುತ್ತಿದ್ದಳು. ಮೂರು ವಾರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಆರನೇ ಮೆಟ್ಟಿಲ ಮೇಲೆ ಕೂತಿದ್ದೆವು. ಮೇಡಂ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೀರು ಬರುವಷ್ಟು ನಕ್ಕರು. ಅವರ ದನಿ ಸಣ್ಣದು, ನಗು ಮಾತ್ರ ಭಾರೀ ದೊಡ್ಡದು. ಎರಡನೇ ಮಹಡಿಯಿಂದ ಯಾರೋ ಬಗ್ಗಿ ನೋಡಿದರು.

ಆಮೇಲೆ ವಿವರಿಸಿದರು. ಈ ಸಿಂಡ್ರೋಮ್ ಇರುವ ಎಷ್ಟೋ ಮಂದಿಗೆ ಮೆಟ್ಟಿಲು ಎಷ್ಟು ಎತ್ತರ, ಎಷ್ಟು ಆಳ ಎಂಬುದು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲವಂತೆ. ಎಲ್ಲ ಒಂದೇ ಬಣ್ಣದ ಸಿಮೆಂಟಾದರೆ ಇನ್ನೂ ಕಷ್ಟ. ಚಿಕ್ಕವಳಿದ್ದಾಗ ಅವಳು ಮೆಟ್ಟಿಲ ಮುಂದೆ ನಿಂತು ಹಟ ಮಾಡುತ್ತಿದ್ದುದು ನೆನಪಿದೆಯೇ? ಹಟ ಎಂದು ನಾವು ಗದರಿದ್ದೂ ಉಂಟು. ಅದನ್ನು ನೆನೆದು ಅವತ್ತು ಸಂಜೆ ನನಗೆ ಟೀ ಕೂಡ ರುಚಿಸಲಿಲ್ಲ. ಸುಮ್ಮನಾದಳೆಂದು ಹೆದರಬೇಡಿ, ಒಂದು ಪ್ರಶ್ನೆ ಕೇಳಿ, ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿಯಾಗಿದ್ದಾಳೆ ಎಂದು ಅರ್ಥ, ಮತ್ತೆ ಮೆಟ್ಟಿಲ ಅಂಚು ಎದ್ದು ಕಾಣುವಂತೆ ಏನಾದರೂ ಮಾಡಿ ಎಂದು ಮೇಡಂ ಹೇಳಿದರು. ಏನಾದರೂ ಎಂದರೆ? ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳದಿ ಅಪಾಯದ ಟೇಪಿನ ಒಂಬತ್ತು ಸುರುಳಿ ಇದ್ದವು. ಲಿಫ್ಟ್ ಬಾಗಿಲು ಬಿಚ್ಚಿದಾಗ ಜನ ಹತ್ತಿರ ಬಾರದಿರಲೆಂದು ನೆಲಕ್ಕೆ ಅಂಟಿಸುತ್ತಿದ್ದೆನಲ್ಲ, ಅದೇ. ಎಸೆಯಿರಿ ಎಂದು ನಿಮ್ಮಮ್ಮ ಇದ್ದಾಗ ವರ್ಷಕ್ಕೆರಡು ಸಲ ಜಗಳ ತೆಗೆಯುತ್ತಿದ್ದಳು. ಕಾಲಿಟ್ಟರೆ ಜಾರದ ಒರಟು ಟೇಪು ಅದು, ನೆಲಕ್ಕೆಂದೇ ಮಾಡಿದ್ದು. ಮರುದಿನ ಬೆಳಗ್ಗೆ ಮಂಡಿಯೂರಿ ಕೂತು ಮೊದಲ ಎರಡು ಮಹಡಿಯ ಪ್ರತಿ ಮೆಟ್ಟಿಲ ಅಂಚಿಗೂ ಅಂಟಿಸಿದೆ. ಕತ್ತಲೆ ಮೂಲೆಗೆ ಒಂದು ಬಲ್ಬನ್ನೂ ಹಾಕಿದೆ.

ಕಟ್ಟಡದ ಕಾರ್ಯದರ್ಶಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. "ಇದೇನ್ರೀ ಇದು, ಮನೆ ಮೆಟ್ಟಿಲನ್ನ ಫ್ಯಾಕ್ಟರಿ ಮಾಡಿಟ್ಟಿದೀರಾ" ಎಂದರು. ಸಂಜೆಯೊಳಗೆ ಕಿತ್ತುಹಾಕಬೇಕೆಂದು ತಾಕೀತು ಮಾಡಿದರು. ನಾನು ಜಗಳಕ್ಕೆ ಸಿದ್ಧನಾಗಿ ಹೊಸ ಕನ್ನಡಕವನ್ನೂ ಹಾಕಿಕೊಂಡೆ. ಸಂಜೆ ಅವರು ಮತ್ತೆ ಬಂದರು, ಮುಖ ಹುಳ್ಳಗಿತ್ತು. ಲಿಫ್ಟೆಂದರೆ ಹೆದರುವ, ಕಣ್ಣು ಮಂಜಾಗಿರುವ ಅವರ ತಾಯಿ ಆರು ತಿಂಗಳ ಮೇಲೆ ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು, ಗೇಟಿನ ಹತ್ತಿರ ನಿಂತು ಬೀದಿ ನೋಡುತ್ತಿದ್ದರಂತೆ. "ಮೇಲಿನೆರಡು ಮಹಡಿಗೂ ಆಗುತ್ತಾ" ಎಂದು ಕೇಳಿದರು. ಆಗುತ್ತೆ ಎಂದೆ. ಟೇಪು ಮುಗಿದರೆ ಎಂದು ಎರಡು ಸುರುಳಿ ಹಾಡಿನ ತಂಡದ ಮೆಟ್ಟಿಲಿಗೆ ಮೊದಲೇ ಎತ್ತಿಟ್ಟುಕೊಂಡೆ.

ಅಲ್ಲಿಂದ ಮುಂದೆ ಓಡಿತು ಕೆಲಸ, ಓಡಿತು ಎಂದರೆ ನಮ್ಮ ವೇಗದಲ್ಲಿ. ಒಂದು ಕೈ ಕಂಬಿಯ ಮೇಲೆ, ಒಂದು ಪಾದ ಮೇಲಿಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ತರುವುದು, ಉಸಿರು ಬಿಗಿಹಿಡಿಯದಿರುವುದು, ತಿರುವಿನಲ್ಲಿ ನಿಂತು ನೀರು. ನಾನು ಒಂದು ಮೆಟ್ಟಿಲು ಕೆಳಗೆ, ಅವಳ ಹಿಂದೆ. ನಾಲ್ಕು ಮೆಟ್ಟಿಲಿಗೊಂದು ಪ್ರಶ್ನೆ. ಅಮ್ಮನ ಹಡಗಿನಲ್ಲಿ ಎಷ್ಟು ದೀಪ ಇರಬಹುದು? ಬೀಗದವನ ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ? ಉತ್ತರ ಪೂರ್ತಿ ವಾಕ್ಯದಲ್ಲಿ ಬರುತ್ತದೆ, ಕೆಲವು ಸಲ ಇಡೀ ಪುಟದಷ್ಟು. ಹತ್ತುವಾಗ ಹಾಡಬಾರದು ಎಂದು ಮೇಡಂ ಹೇಳಿದರೆ, ತಿರುವಿನಲ್ಲಿ ನಿಂತಾಗ ಒಂದು ಸಾಲು ಎಂದು ಚೌಕಾಸಿ ಮಾಡಿ ಒಪ್ಪಿಸಿದಳು. ಜೂನ್ ಮುಗಿಯುವಷ್ಟರಲ್ಲಿ ನಮ್ಮ ಎರಡು ಮಹಡಿ ಹತ್ತಿ ಇಳಿಯುತ್ತಿದ್ದಳು. ಹೋದ ವಾರ ಡಾಕ್ಟರು ಮತ್ತೆ ನೋಡಿದರು. ಬಿಪಿ ಇಳಿದಿದೆ, ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಹೃದಯದಲ್ಲಿ ಬದಲಾವಣೆ ಇಲ್ಲ. ಹೊಸ ಚೀಟಿಯ ನಕಲು ಈ ಕಾಗದದ ಜೊತೆ ಇಟ್ಟಿದ್ದೇನೆ, ನನ್ನ ಮಾತು ನಂಬದಿದ್ದರೆ ಅವರ ಸಹಿ ನಂಬು.

ಹೋದ ಶನಿವಾರ ಮಾಸ್ತರರ ಅನುಮತಿ ಪಡೆದು ಬೆಳಗ್ಗೆಯೇ ಹೋಗಿ ಮೂವತ್ತೆಂಟು ಮೆಟ್ಟಿಲಿಗೂ ಟೇಪು ಹಚ್ಚಿ ಬಂದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹತ್ತಲು ಹೊರಟೆವು. ಸೈಕಲ್ ಅಂಗಡಿಯವನು ಕೈಯಲ್ಲಿದ್ದ ಪಂಪು ಕೆಳಗಿಟ್ಟು ನೋಡುತ್ತ ನಿಂತ. ಮೊದಲ ತಿರುವಿಗೆ ಹದಿಮೂರು ಮೆಟ್ಟಿಲು, ಹತ್ತಿ ನಿಂತು ನೀರು ಕುಡಿದಳು, ಒಂದು ಸಾಲು ಹಾಡಿದಳು. ಎರಡನೇ ತಿರುವು ಇಪ್ಪತ್ತಾರಕ್ಕೆ. ಅಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಬೆವರಿ ತೊಪ್ಪೆಯಾಗಿದ್ದೆ, ಹತ್ತಿದ್ದಕ್ಕಲ್ಲ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವಳು ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ತಾತ, ನೀನು ಇಲ್ಲೇ ಕೂತ್ಕೋ. ಇನ್ನು ಹನ್ನೆರಡೇ. ನಾನು ಹೋಗಿಬರ್ತೀನಿ" ಎಂದಳು. ಬೇಡ ಎನ್ನಬೇಕೆಂದುಕೊಂಡೆ. ಉಸಿರಾಟ ನೋಡಿದೆ, ಮುಖದ ಬಣ್ಣ ನೋಡಿದೆ, ಕಂಬಿಯ ಮೇಲಿನ ಕೈ ನೋಡಿದೆ. ಎಲ್ಲ ಸರಿಯಾಗಿತ್ತು. ಸರಿಯಾಗಿರುವುದನ್ನು ತಡೆಯಲು ನನ್ನ ಹತ್ತಿರ ಕಾರಣ ಇರಲಿಲ್ಲ. ಕೂತೆ.

ಅವಳು ಮಾತಿಲ್ಲದೆ ಹತ್ತಿದಳು. ಹೆಜ್ಜೆ ಎಣಿಸಿದೆ. ನಾಲ್ಕಕ್ಕೆ ಪ್ರಶ್ನೆ ಕೇಳುವ ಹೊತ್ತು ಬಂತು, ನಾಲಿಗೆಯ ತುದಿಗೂ ಬಂತು. ಕೇಳಲಿಲ್ಲ. ಎಂಟಾಯಿತು, ಒಂಬತ್ತು, ಸ್ವಲ್ಪ ನಿಂತಳು, ಹತ್ತು, ಹನ್ನೊಂದು. ಆಮೇಲೆ ಮೇಲಿನ ಬಾಗಿಲು ಕಿರುಗುಟ್ಟಿತು. ಅವಳ ದನಿ ಕೇಳಿಸಿತು, ಮೂವತ್ತು ಜನರ ಮುಂದೆ ಪೂರ್ತಿ ವಾಕ್ಯದಲ್ಲಿ: "ಸ್ವಲ್ಪ ತಡವಾಯ್ತು, ನನ್ನ ಕುರ್ಚಿ ಯಾವುದು?" ಮೇಲೆ ಎಲ್ಲರೂ ಒಟ್ಟಿಗೆ ಎದ್ದ ಸದ್ದು. ಯಾರೋ ಅತ್ತರು, ಯಾರೋ ನಕ್ಕರು, ಮಾಸ್ತರರು "ಸರಿ, ಮೊದಲಿನಿಂದ" ಎಂದರು. ಹಾಡು ಶುರುವಾಯಿತು. ನಲವತ್ತು ವರ್ಷ ಜನರನ್ನು ಮೆಟ್ಟಿಲಿನಿಂದ ತಪ್ಪಿಸಿದವನು ನಾನು. ಅಂಥವನು ಇಪ್ಪತ್ತಾರನೇ ಮೆಟ್ಟಿಲ ಮೇಲೆ ಕೂತು, ಬಾಟಲಿ ತಬ್ಬಿಕೊಂಡು, ಮಗುವಿನ ಹಾಗೆ ಅತ್ತೆ. ಇಷ್ಟು ಸಂತೋಷ ನನಗೆ ನೀನು ಹುಟ್ಟಿದ ದಿನ ಆಗಿತ್ತು, ಆಮೇಲೆ ಅವತ್ತೇ. ಮುಗಿದ ಮೇಲೆ ಇಬ್ಬರೂ ಕಂಬಿ ಹಿಡಿದು ನಿಧಾನವಾಗಿ ಇಳಿದೆವು. ಇಳಿಯುವುದೇ ಅವಳಿಗೆ ಹೆಚ್ಚು ಕಷ್ಟ, ಅದಕ್ಕೆ ನಾನು ಮುಂದೆ, ಅವಳು ಹಿಂದೆ.

ಇನ್ನೇನು ಬರೆಯಲಿ. ಕಬಾಟಿನ ಬಾಗಿಲ ತಿರುಗಣಿ ಸರಿಮಾಡಿದೆ. ನಿನ್ನ ಚಳಿಯಂಗಿಗೆ ನುಸಿ ಹಿಡಿದಿತ್ತು, ಬಿಸಿಲಿಗೆ ಹಾಕಿದ್ದೇನೆ. ಬೀಗದವನು, ಇಸ್ತ್ರಿಯಾಕೆ, ಮೇಡಂ ಎಲ್ಲರೂ ನಿನ್ನನ್ನು ಕೇಳಿದ್ದಾರೆ, ಕಾರ್ಯದರ್ಶಿಯ ತಾಯಿಯಂತೂ ನಿನ್ನನ್ನು ನೋಡದೆಯೇ ಹೊಗಳುತ್ತಿದ್ದಾರೆ. ಸಮುದ್ರ ಸೌಮ್ಯವಾಗಿರಲಿ, ನಿನ್ನ ಕೈನೋವು ಬೇಗ ವಾಸಿಯಾಗಲಿ, ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಮಾಡು. ನಿನ್ನ ತಲೆಯ ಮೇಲೆ ನನ್ನ ಕೈ ಯಾವತ್ತೂ ಇದೆ.

ಮಾತು ಮುರಿದ,
ನಿನ್ನ ಅಪ್ಪ

ಮರೆತದ್ದು: ಕಚೇರಿಯ ಚೀಲದವನು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದಾನೆ, ಗೀಚಿ ಮುಗಿಸುತ್ತೇನೆ. ಹೋದ ಭಾನುವಾರ ಹಡಗಿಗೆ ಲೈನು ಸಿಗಲಿಲ್ಲವಲ್ಲ, ಈ ಭಾನುವಾರ ಫೋನಿನಲ್ಲಿ ಪೀಪಿ ತಾನೇ ಇದನ್ನೆಲ್ಲ ನಿನಗೆ ಹೇಳುತ್ತಾಳೆ. ಪೂರ್ತಿ ಹತ್ತಿದ ಮೇಲೆ ತಾನೇ ಹೇಳಬೇಕೆಂದು ಇಷ್ಟು ದಿನ ನನ್ನ ಬಾಯಿ ಕಟ್ಟಿಹಾಕಿದ್ದಾಳೆ, ಈ ಕಾಗದ ಅವಳಿಗೆ ಗೊತ್ತಿಲ್ಲ. ಹೋದ ವರ್ಷ ಫುಟ್‌ಪಾತಿನಲ್ಲಿ ಎಡವಿ ಮಂಡಿ ತರಚಿಕೊಂಡದ್ದನ್ನು ಅವಳು ನಿನಗೆ ನಗುತ್ತಲೇ ಹೇಳಿದ್ದಳು. ನೀನು "ಅಯ್ಯೋ" ಎಂದೆ, ಅಷ್ಟೇ ಎಂದೆ. ಆಮೇಲೆ ಹದಿನೇಳು ದಿನ ಅವಳು ಹೊಸ್ತಿಲು ದಾಟಲಿಲ್ಲ. ಕೇಳಿದರೆ, "ಅಮ್ಮ ಅಲ್ಲಿ ಒಬ್ಬಳೇ ಇದ್ದಾಳೆ, ಹೆದರಿಸಬಾರದು" ಎಂದಳು. ಆಗ ನಿನಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅದಕ್ಕೇ ಈ ಕಾಗದ ಒಂದು ದಿನ ಮೊದಲು ನಿನ್ನ ಕೈಸೇರಬೇಕೆಂದು ಒದ್ದಾಡಿದ್ದು. ಹೆದರುವುದು, ಅಳುವುದು, ನನ್ನನ್ನು ಶಪಿಸುವುದು ಎಲ್ಲ ಶನಿವಾರವೇ ಮುಗಿಸಿಬಿಡು. ಭಾನುವಾರ ನಿನಗೆ ಏನೂ ಗೊತ್ತಿಲ್ಲ. ಅವಳು ಹೇಳಿ ನಿಲ್ಲಿಸಿ ನಿನ್ನ ಉಸಿರಿಗೆ ಕಿವಿಗೊಡುತ್ತಾಳೆ, ಆಗ ಮೊದಲು ಯಾವ ಹಾಡು ಹಾಡಿದೆ ಎಂದು ಕೇಳು.